ಕಚ್ಚಿಕೊಂಡ ಬೋಲ್ಟೂ ಒಳಗಿಳಿಯುವ ಎಣ್ಣೆಯೂ

ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲುಮಾರ್ಗದಲ್ಲಿ ಅರಸೀಕೆರೆಯು ಒಂದು ದೊಡ್ಡ ಕೂಡುನಿಲ್ದಾಣವೆಂಬುದು ಎಲ್ಲರಿಗೂ ತಿಳಿದುದೇ. ಮೈಸೂರು ಹಾಸನಗಳ ಕಡೆಯಿಂದ ಬರುವ ದಾರಿಯು ಇಲ್ಲಿ ಬಂದು ಸೇರುತ್ತದೆ. ಹಳೇಬೀಡು ಬೇಲೂರುಗಳ ಶಿಲ್ಪವೈಭವವನ್ನು ನೋಡಹೊರಟವರಲ್ಲಿ ಅನೇಕರು ಇಲ್ಲಿ ಇಳಿದು, ತೆಂಗಿನ ತೋಟಗಳ ನಡುವೆ ಪಶ್ಚಿಮದ ಕಡೆಗೆ ರಸ್ತೆಯ ಪ್ರಯಾಣವನ್ನು ಕೈಕೊಳ್ಳುವರು. ಆ ಹಾದಿಯ ಕಲ್ಲನ್ನು ಕುರಿತು ಬಲ್ಲವರು ಬಹಳ ಮಾತನಾಡಿದ್ದಾರೆ, ಬರೆದಿದ್ದಾರೆ. ನಾನು ಈ ಹೊತ್ತು ಹೇಳಬೇಕೆಂದಿರುವುದು ಅದೇ ಹಾದಿಯ ಕಬ್ಬಿಣವನ್ನು ಕುರಿತು. ಅದರಲ್ಲಿಯೂ ತುಕ್ಕು ಹಿಡಿದು, ಕಚ್ಚಿಕೊಂಡು, ಎಷ್ಟು ಬಲದಿಂದ ತಿರುಗಿಸಿದರೂ ಬಿಡದೆ ಕುಳಿತ ಬೋಲ್ಟನ್ನು ಕುರಿತು.

ವಿಷಯವು ಅಲ್ಪವೆಂದು ಶ್ರೋತೃಗಳು ನಗಬಹುದು. ಆದರೆ ಅರಸೀಕೆರೆಯ ಸೀಮೆಯ ಒಂದು ತೋಟವನ್ನು ಕಣ್ಣಮುಂದೆ ತಂದುಕೊಳ್ಳಿರಿ. ಚೈತ್ರಮಾಸದ ಬಿಸಿಲು. ನೀರೆತ್ತುವ ಪಂಪು ನಿಂತುಹೋಗಿದೆ. ಮುಚ್ಚಳವನ್ನು ತೆಗೆದು ಒಳಗಿನ ಒಂದು ಸಣ್ಣ ಭಾಗವನ್ನು ಬದಲಾಯಿಸಿದರೆ ಅರ್ಧ ಗಂಟೆಯಲ್ಲಿ ನೀರು ಹರಿಯಬೇಕು. ಮುಚ್ಚಳಕ್ಕೆ ಆರು ಬೋಲ್ಟುಗಳು, ಐದು ಹೇಗೋ ಬಂದವು, ಆರನೆಯದು ಬರಲೊಲ್ಲದು. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಇಬ್ಬರು ನೇತುಬಿದ್ದರು, ‘ಟಕ್’ ಎಂದಿತು, ಬೋಲ್ಟಿನ ತಲೆ ಕೈಗೆ ಬಂತು, ಮೈ ಪಂಪಿನಲ್ಲಿಯೇ ಉಳಿಯಿತು. ಇನ್ನು ಆ ಪಂಪನ್ನು ಬಿಚ್ಚಿ, ಪಟ್ಟಣಕ್ಕೆ ಸಾಗಿಸಿ, ಲೇತು ಇಟ್ಟುಕೊಂಡವನ ಬಾಗಿಲಲ್ಲಿ ಕಾದು, ಮುರಿದ ಚೂರನ್ನು ಕೊರೆಸಿ ತೆಗೆಸಿ, ಹೊಸದಾಗಿ ಥ್ರೆಡ್ಡು ಹಾಕಿಸಿ ತರಬೇಕು. ಅರ್ಧ ಗಂಟೆಯ ಕೆಲಸವು ನಾಲ್ಕಾರು ದಿನಗಳದಾಯಿತು. ಬೇಸಗೆಯಲ್ಲಿ ತೆಂಗಿಗೆ ನೀರು ತಪ್ಪಿದರೆ ಹೀಚು ಉದುರುವುದೆಂಬುದನ್ನು ತೋಟದವರಿಗೆ ಹೇಳಿಕೊಡಬೇಕಾಗಿಲ್ಲ. ಬೋಲ್ಟಿನ ಬೆಲೆ ಕೆಲವೇ ರೂಪಾಯಿಗಳು. ಅದನ್ನು ಮುರಿದುದರ ಬೆಲೆ ಅಷ್ಟಕ್ಕೆ ನಿಲ್ಲುವುದಿಲ್ಲ.

ಅದು ಮುರಿದುದಕ್ಕೆ ತುಕ್ಕು ಕಾರಣವೆಂದು ಎಲ್ಲರೂ ಹೇಳುವರು. ತುಕ್ಕು ಅದನ್ನು ಹಿಡಿದುದು ನಿಜ; ಮುರಿದುದು ಆತುರ. ತುಕ್ಕು ಹೇಗೆ ಹಿಡಿಯುತ್ತದೆ, ಎಣ್ಣೆಯು ನಿಜವಾಗಿ ಏನನ್ನು ಮಾಡುತ್ತದೆ, ಏನನ್ನು ಮಾಡಲಾರದು ಎಂಬುದನ್ನು ತಿಳಿದವನು ಆತುರಪಡುವುದಿಲ್ಲ. ಆದುದರಿಂದ ಮೊದಲು ತುಕ್ಕಿನ ವಿಚಾರವನ್ನೇ ನೋಡೋಣ.

ಕಬ್ಬಿಣಕ್ಕೆ ತುಕ್ಕು ಹಿಡಿಯಲು ಗಾಳಿಯ ಆಮ್ಲಜನಕವೂ ನೀರೂ ಎರಡೂ ಬೇಕು. ಒಣ ಗಾಳಿಯಲ್ಲಿಟ್ಟ ಮೊಳೆಯು ವರ್ಷಗಟ್ಟಲೆ ಹೊಳೆಯುತ್ತಿರುವುದು. ಕುದಿಸಿ ಗಾಳಿಯನ್ನು ಕಳೆದು, ಮುಚ್ಚಿಟ್ಟ ನೀರಿನಲ್ಲಿ ಮುಳುಗಿಸಿದ ಮೊಳೆಯೂ ಬೇಗ ಕೆಡುವುದಿಲ್ಲ. ಎರಡೂ ಕೂಡಿದಾಗ ಕಬ್ಬಿಣವು ಸ್ವಲ್ಪ ಸ್ವಲ್ಪವಾಗಿ ತನ್ನ ಲೋಹರೂಪವನ್ನು ಬಿಟ್ಟು, ನೀರಿನ ಅಂಶವನ್ನೊಳಗೊಂಡ ಕೆಂಪು ಆಕ್ಸೈಡಾಗುತ್ತದೆ. ಇದಕ್ಕೆ ಮಳೆಯೇ ಸುರಿಯಬೇಕೆಂದಿಲ್ಲ. ಗಾಳಿಯ ತೇವವು ಶೇಕಡಾ 60ನ್ನು ಮೀರಿತೆಂದರೆ ಕಣ್ಣಿಗೆ ಕಾಣದ ನೀರಿನ ತೆಳುಪೊರೆಯು ಕಬ್ಬಿಣದ ಮೈಮೇಲೆ ಕೂಡುವುದು; ಅಷ್ಟೇ ಸಾಕು. ಉಪ್ಪಿನ ಅಂಶ ಸೇರಿದರೆ ಕೆಲಸವು ಇನ್ನೂ ತ್ವರಿತ. ಆದುದರಿಂದಲೇ ಬಯಲುಸೀಮೆಯ ಅರಸೀಕೆರೆಯಲ್ಲಿ ಬಹುಕಾಲ ಬಾಳುವ ಬೋಲ್ಟು, ಮಲೆನಾಡಿನ ಸೆರಗಿನಲ್ಲಿರುವ ಬೇಲೂರಿನಲ್ಲಿ ಅದಕ್ಕಿಂತ ಬೇಗ ಕಚ್ಚಿಕೊಳ್ಳುವುದು. ಸಕಲೇಶಪುರದ ಘಟ್ಟವನ್ನಿಳಿದು ಮಂಗಳೂರಿನ ಕಡಲ ಗಾಳಿಗೆ ಒಡ್ಡಿದರಂತೂ ಕೇಳುವುದೇ ಬೇಡ.

ಇಲ್ಲಿ ಮುಖ್ಯವಾದ ಒಂದು ಸಂಗತಿಯಿದೆ. ಕಬ್ಬಿಣವು ತುಕ್ಕಾದಾಗ ಅದು ಆಕ್ರಮಿಸುವ ಜಾಗವು ಹಿಂದಿನಷ್ಟೇ ಇರುವುದಿಲ್ಲ. ಎರಡರಿಂದ ಆರು ಪಟ್ಟಿನವರೆಗೂ ಹೆಚ್ಚುತ್ತದೆ. ಬೋಲ್ಟಿನ ಸುತ್ತುಗಳಿಗೂ ನಟ್ಟಿನ ಸುತ್ತುಗಳಿಗೂ ನಡುವೆ ಇರುವ ತೆರಪು ಒಂದು ಕೂದಲಿನಷ್ಟು ಮಾತ್ರ. ಆ ತೆರಪಿನಲ್ಲಿ ಹುಟ್ಟಿದ ತುಕ್ಕು ಹಿಗ್ಗಲು ಜಾಗವಿಲ್ಲದೆ, ಮರದ ಸೀಳಿಗೆ ಹೊಡೆದ ಬೆಣೆಯಂತೆ ಎರಡು ಕಡೆಗೂ ಒತ್ತುತ್ತದೆ. ಬೋಲ್ಟು ‘ಅಂಟಿಕೊಂಡಿದೆ’ ಎನ್ನುವುದಕ್ಕಿಂತ ‘ಕಚ್ಚಿಕೊಂಡಿದೆ’ ಎಂದು ನಮ್ಮ ಮೆಕ್ಯಾನಿಕರು ಹೇಳುವ ಮಾತೇ ಸರಿಯಾದುದು. ಅಲ್ಲಿರುವುದು ಗೋಂದಲ್ಲ, ಬೆಣೆ.

ತುಕ್ಕಿಲ್ಲದ ಒಳ್ಳೆಯ ಬೋಲ್ಟನ್ನು ಬಿಗಿಯುವಾಗಲೂ ನಾವು ಹಾಕುವ ಬಲದಲ್ಲಿ ಹತ್ತರಲ್ಲಿ ಒಂದು ಪಾಲು ಮಾತ್ರ ಬೋಲ್ಟನ್ನು ಎಳೆದು ಬಿಗಿಮಾಡುವುದಕ್ಕೆ ಸಲ್ಲುತ್ತದೆ. ಮಿಕ್ಕ ಒಂಬತ್ತು ಪಾಲು ತಲೆಯ ಕೆಳಗಿನ ಮತ್ತು ಸುತ್ತುಗಳ ನಡುವಿನ ಉಜ್ಜುವಿಕೆಯಲ್ಲಿಯೇ ವ್ಯಯವಾಗುತ್ತದೆ. ತುಕ್ಕು ಈ ಉಜ್ಜುವಿಕೆಯನ್ನು ಹಲವು ಮಡಿ ಹೆಚ್ಚಿಸುವುದಲ್ಲದೆ ಬೋಲ್ಟಿನ ಕತ್ತನ್ನೂ ತಿಂದು ಸಣ್ಣದು ಮಾಡಿರುತ್ತದೆ. 12 ಮಿಲಿಮೀಟರು ದಪ್ಪದ ಸಾಧಾರಣ ಬೋಲ್ಟನ್ನು ತಿರುಚಿ ಮುರಿಯಬೇಕಾದರೆ, ಒಂದು ಮೀಟರು ಉದ್ದದ ಪೈಪಿನ ತುದಿಯಲ್ಲಿ 30 ಕಿಲೋಗ್ರಾಮಿನಷ್ಟು ಒತ್ತಿದರೆ ಧಾರಾಳವಾಗಿ ಸಾಕು. ಹನ್ನೆರಡು ವರ್ಷದ ಹುಡುಗನೂ ಅಷ್ಟು ಒತ್ತಬಲ್ಲನು. ಇಬ್ಬರು ಪ್ರಾಯದವರು ಪೈಪಿಗೆ ನೇತುಬಿದ್ದರೆ ಏನಾಗಬೇಕೋ ಅದೇ ಆಗುತ್ತದೆ.

ಇನ್ನು ಎಣ್ಣೆಯ ಮಾತು. ಎಣ್ಣೆಯು ತುಕ್ಕನ್ನು ಕರಗಿಸುತ್ತದೆಂದು ಬಹಳ ಜನ ನಂಬಿದ್ದಾರೆ. ಡಬ್ಬಿಗಳ ಮೇಲಿನ ಜಾಹೀರಾತುಗಳೂ ಹಾಗೆ ತೋರುವಂತೆ ಬರೆದಿರುತ್ತವೆ. ಎಣ್ಣೆಯು ತುಕ್ಕನ್ನು ಕರಗಿಸುವುದಿಲ್ಲ. ತುಕ್ಕನ್ನು ಕರಗಿಸುವುದು ಹುಳಿ. ಹಿತ್ತಾಳೆ ತಾಮ್ರದ ಪಾತ್ರೆಗಳ ಕಿಲುಬನ್ನು ಹುಣಸೆಹಣ್ಣು ತೆಗೆಯುವಂತೆಯೇ, ಸಣ್ಣ ಕಬ್ಬಿಣದ ಸಾಮಾನುಗಳ ತುಕ್ಕನ್ನು ಫಾಸ್ಫಾರಿಕ್ ಆಮ್ಲ, ಆಕ್ಸಾಲಿಕ್ ಆಮ್ಲ, ಸಾಧಾರಣ ವಿನಿಗರು ಸಹ ಕರಗಿಸಬಲ್ಲವು. ಆದರೆ ಅದಕ್ಕೆ ಸಾಮಾನನ್ನು ಆ ದ್ರವದಲ್ಲಿ ಮುಳುಗಿಸಿಡಬೇಕು. ಆಮೇಲೆ ಚೆನ್ನಾಗಿ ತೊಳೆದು ಒಣಗಿಸದಿದ್ದರೆ ಹುಳಿಯೇ ಕಬ್ಬಿಣವನ್ನು ತಿನ್ನುತ್ತದೆ. ಬಾವಿಯ ದಡದ ಪಂಪನ್ನು ವಿನಿಗರಿನಲ್ಲಿ ಮುಳುಗಿಸುವವರಾರು? ಎಣ್ಣೆಯ ಕೆಲಸ ಬೇರೆ. ತುಕ್ಕೆಂಬುದು ಗಾರೆಯಂತೆ ಗಟ್ಟಿಯಾದ ಪದಾರ್ಥವಲ್ಲ; ಅದರೊಳಗೆ ಸೂಕ್ಷ್ಮವಾದ ರಂಧ್ರಗಳೂ ಬಿರುಕುಗಳೂ ಇರುತ್ತವೆ. ಆ ಬಿರುಕುಗಳೊಳಗೆ ಹೊಕ್ಕು, ತುಕ್ಕಿನ ಕಣಕಣಗಳನ್ನು ನೆನೆಸಿ, ಅವು ಒಂದರ ಮೇಲೊಂದು ಜಾರುವಂತೆ ಮಾಡುವುದೇ ಎಣ್ಣೆಯ ಕೆಲಸ. ಹೊಗಲು ದಾರಿಯಿದ್ದರೆ ಮಾತ್ರ ಅದು ಹೊಗುತ್ತದೆ. ದಾರಿಯನ್ನು ಮಾಡಿಕೊಡುವುದು ನಮ್ಮ ಕೆಲಸ.

ಹೇಗೆ ಹೊಗುತ್ತದೆಂಬುದನ್ನು ದೇವರ ಮನೆಯ ದೀಪದಲ್ಲಿಯೇ ಕಾಣಬಹುದು. ಹಣತೆಯ ತಳದ ಎಣ್ಣೆಯು ಯಾರೂ ಎತ್ತದೆಯೇ ಬತ್ತಿಯ ಎಳೆಗಳ ನಡುವೆ ಮೇಲೇರುತ್ತದೆ. ಇದಕ್ಕೆ ಕೇಶಾಕರ್ಷಣವೆಂದು ಹೆಸರು. ತೆರಪು ಎಷ್ಟು ಕಿರಿದೋ ದ್ರವವು ಅಷ್ಟು ಹೆಚ್ಚು ದೂರಕ್ಕೆ ಏರಬಲ್ಲುದು. ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲಿನಷ್ಟು ತೆರಪಿದ್ದರೆ ತೆಳುವಾದ ಎಣ್ಣೆಯು 12 ಸೆಂಟಿಮೀಟರಿನಷ್ಟು ಮೇಲೇರಬಹುದೆಂದು ಲೆಕ್ಕದಿಂದ ತಿಳಿಯುತ್ತದೆ. ನಟ್ಟಿನ ಎತ್ತರ ಅದರ ಹತ್ತನೆಯ ಒಂದು ಪಾಲಿನಷ್ಟೂ ಇಲ್ಲದಿರಬಹುದು. ಆದುದರಿಂದ ಬೋಲ್ಟು ತಲೆಕೆಳಗಾಗಿದ್ದರೂ ಎಣ್ಣೆ ಏರುವುದೇ ಎಂಬ ಸಂಶಯ ಬೇಡ, ಏರುತ್ತದೆ.

ಆದರೆ ಏರಬಲ್ಲುದು ಎಂಬುದು ಬೇರೆ, ಎಷ್ಟು ಹೊತ್ತಿನಲ್ಲಿ ಏರುತ್ತದೆಂಬುದು ಬೇರೆ. ಇದನ್ನು 1921ರಲ್ಲಿ ವಾಶ್‌ಬರ್ನ್ ಎಂಬ ಅಮೆರಿಕದ ವಿಜ್ಞಾನಿ ಸೂತ್ರವಾಗಿ ಬರೆದನು. ದ್ರವವು ಮಂದವಾದಷ್ಟೂ ನಿಧಾನ. ಮಾತ್ರವಲ್ಲದೆ, ದೂರವು ಎರಡು ಪಟ್ಟಾದರೆ ಕಾಲವು ನಾಲ್ಕು ಪಟ್ಟಾಗುತ್ತದೆ. ಮೊದಲನೆಯ ಒಂದು ಗಂಟೆಯಲ್ಲಿ ಎಣ್ಣೆಯು 2 ಮಿಲಿಮೀಟರು ಒಳಹೊಕ್ಕಿತೆಂದಿಟ್ಟುಕೊಳ್ಳೋಣ. 4 ಮಿಲಿಮೀಟರು ತಲಪಲು 4 ಗಂಟೆ ಬೇಕು. 8 ಮಿಲಿಮೀಟರಿಗೆ 16 ಗಂಟೆ. ‘ಎಣ್ಣೆ ಬಿಟ್ಟು ರಾತ್ರಿಯೆಲ್ಲ ಹಾಗೇ ಇರಲಿ ಸ್ವಾಮಿ, ಬೆಳಿಗ್ಗೆ ನೋಡೋಣ’ ಎಂದು ಓದುಬರಹ ಬಾರದ ಮುದುಕ ಮೇಸ್ತ್ರಿ ಹೇಳಿದರೆ ಅದು ಸೋಮಾರಿತನವಲ್ಲ. ಆ ಸೂತ್ರವೇ ಅವನ ಬಾಯಿಂದ ಬಂದ ಹಾಗೆ. ನಮ್ಮ ಕಾಲೇಜುಗಳಲ್ಲಿ ಕೇಶಾಕರ್ಷಣವನ್ನು ಗಾಜಿನ ನಳಿಗೆಯಲ್ಲಿ ಬಣ್ಣದ ನೀರನ್ನು ಏರಿಸಿ ತೋರಿಸುತ್ತೇವೆ, ಪರೀಕ್ಷೆಯಲ್ಲಿ ಕೇಳುತ್ತೇವೆ, ಹುಡುಗರು ಸರಿಯಾಗಿಯೇ ಬರೆಯುತ್ತಾರೆ. ಅವರೇ ಸಂಜೆ ತಮ್ಮ ಸೈಕಲ್ಲಿನ ನಟ್ಟು ಬಾರದಿದ್ದರೆ ಸ್ಪ್ಯಾನರನ್ನು ಕಾಲಿನಿಂದ ಒದೆಯುತ್ತಾರೆ. ಎರಡೂ ಒಂದೇ ಪಾಠವೆಂದು ಅವರಿಗೆ ಯಾರೂ ಹೇಳಿಲ್ಲ.

ಯಾವ ಎಣ್ಣೆ ಒಳ್ಳೆಯದು? ಮೊದಲಿನಿಂದಲೂ ನಮ್ಮವರ ಕೈಗೆ ಸಿಕ್ಕಿದುದು ಸೀಮೆಎಣ್ಣೆ. ಅದು ಹೆಚ್ಚುಕಡಿಮೆ ನೀರಿನಷ್ಟೇ ತೆಳು. ಇಂಜಿನಿಗೆ ಹಾಕುವ ಎಣ್ಣೆ ಅದಕ್ಕಿಂತ ನೂರು ಪಟ್ಟು ಮಂದವಿರಬಹುದು. ನೀರಿನ ಮೇಲ್ಮೈ ಎಳೆತವು ಅಧಿಕವಾದುದರಿಂದ ಜಿಡ್ಡಿನ ಕಬ್ಬಿಣದ ಮೇಲೆ ಅದು ಹನಿಹನಿಯಾಗಿ ನಿಲ್ಲುತ್ತದೆ. ಸೀಮೆಎಣ್ಣೆಯ ಎಳೆತವು ಅದರ ಮೂರನೆಯ ಒಂದು ಪಾಲಿನಷ್ಟು. ಆದುದರಿಂದ ಅದು ಹರಡಿ ಹಬ್ಬುತ್ತದೆ. ಸೀಮೆಎಣ್ಣೆಯ ದೋಷವೆಂದರೆ ಅದು ಆರಿಹೋಗುತ್ತದೆ, ಮತ್ತು ಜಾರಿಸುವ ಗುಣವು ಅದರಲ್ಲಿ ಸಾಲದು. ಅದಕ್ಕಾಗಿಯೇ ಮೂರು ಪಾಲು ಸೀಮೆಎಣ್ಣೆಗೆ ಒಂದು ಪಾಲು ಇಂಜಿನೆಣ್ಣೆಯನ್ನು ಬೆರೆಸುವುದು. ತೆಳುವಾದುದು ಮಂದವಾದುದನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ, ತಾನು ಆರಿ, ಅದನ್ನು ಅಲ್ಲಿ ಬಿಟ್ಟುಬರುತ್ತದೆ. ಅಂಗಡಿಯಲ್ಲಿ ಮಾರುವ ಬೆಲೆಯುಳ್ಳ ಎಣ್ಣೆಗಳಲ್ಲಿ ಬಹುಪಾಲಿನ ತತ್ತ್ವವೂ ಇದೇ.

ಅಂಥವುಗಳಲ್ಲಿ ಅಮೆರಿಕದ ‘ಲಿಕ್ವಿಡ್ ರೆಂಚ್’ ಎಂಬುದು 1941ರಲ್ಲಿ ಬಂದಿತು. ಈಗ ನಮ್ಮ ಊರುಗಳ ಹಾರ್ಡ್‌ವೇರ್ ಅಂಗಡಿಗಳಲ್ಲಿಯೂ ಕಾಣುವ ನೀಲಿ ಹಳದಿ ಬಣ್ಣದ ‘ಡಬ್ಲ್ಯು.ಡಿ.-40’ ಎಂಬುದು 1953ರಲ್ಲಿ ಸ್ಯಾನ್ ಡಿಯೇಗೋ ಪಟ್ಟಣದ ಒಂದು ಸಣ್ಣ ಕಂಪೆನಿಯಲ್ಲಿ ಹುಟ್ಟಿತು. ಆ ಎರಡು ಅಕ್ಷರಗಳ ಅರ್ಥ ನೀರನ್ನು ಸ್ಥಳಾಂತರಿಸುವುದೆಂದು; 40 ಎಂಬುದು ನಲವತ್ತನೆಯ ಪ್ರಯತ್ನವೆಂದು. ಅಟ್ಲಾಸ್ ಎಂಬ ಕ್ಷಿಪಣಿಯ ಹೊರಮೈಯನ್ನು ತೇವದಿಂದ ಕಾಪಾಡಲು ಅದನ್ನು ಬಳಸಿದರು. ಬೋಲ್ಟು ಬಿಚ್ಚುವುದು ಅದರ ಮೂಲ ಉದ್ದೇಶವಾಗಿರಲಿಲ್ಲ. ತೆರಪಿನಲ್ಲಿ ಕುಳಿತ ನೀರನ್ನು ತಳ್ಳಿ ಜಾಗ ಹಿಡಿಯುವುದರಿಂದ ಅದು ಉಪಯೋಗಕ್ಕೆ ಬರುತ್ತದೆ. ಆದರೆ ಬಹುಕಾಲ ಕಚ್ಚಿದ ದಪ್ಪ ಬೋಲ್ಟಿಗೆ ಅದಕ್ಕೆಂದೇ ಮಾಡಿದ ಎಣ್ಣೆಗಳು ಮೇಲು. ಅಸಿಟೋನನ್ನೂ ಮೋಟಾರು ಗಾಡಿಗಳ ಗೇರುಪೆಟ್ಟಿಗೆಯ ತೆಳು ಎಣ್ಣೆಯನ್ನೂ ಸಮನಾಗಿ ಬೆರೆಸುವ ಒಂದು ಪದ್ಧತಿಯನ್ನು ಈಚೆಗೆ ಕೆಲವರು ಬಹಳ ಹೊಗಳುತ್ತಾರೆ. ಅವೆರಡೂ ಚೆನ್ನಾಗಿ ಬೆರೆಯುವುದಿಲ್ಲ, ಪ್ರತಿಸಲವೂ ಕುಲುಕಬೇಕು. ಅಸಿಟೋನು ಕಿಡಿ ಕಂಡರೆ ಹತ್ತಿಕೊಳ್ಳುತ್ತದೆ, ಬಣ್ಣವನ್ನೂ ಪ್ಲಾಸ್ಟಿಕ್ಕನ್ನೂ ತಿನ್ನುತ್ತದೆ. ಮನೆಯಲ್ಲಿ ಇದನ್ನು ಬೆರೆಸುವುದನ್ನು ನಾನಂತೂ ಒಪ್ಪಲಾರೆ.

ಅರಸೀಕೆರೆಯಲ್ಲಿ ನಿಂತು ಎಣ್ಣೆಯ ಮಾತನಾಡುವಾಗ ಕೊಬ್ಬರಿ ಎಣ್ಣೆಯನ್ನು ಬಿಡುವಂತಿಲ್ಲ. ಆ ಪೇಟೆಯ ಕೊಬ್ಬರಿ ನಾಡಿನಲ್ಲೆಲ್ಲ ಹೆಸರಾದುದು. ಮನೆಯಲ್ಲಿ ಸದಾ ಇರುವ ಎಣ್ಣೆಯೂ ಅದೇ. ಬಾಗಿಲಿನ ಕೀಲು ಕಿರುಗುಟ್ಟಿದರೆ ಒಂದು ತೊಟ್ಟು ಬಿಡುವುದು ವಾಡಿಕೆ. ಅದಕ್ಕೆ ಅದು ಸಾಕು. ಕಚ್ಚಿಕೊಂಡ ಬೋಲ್ಟಿಗೆ ಅದು ಸಲ್ಲದು. ಸೀಮೆಎಣ್ಣೆಗಿಂತ ಅದು ಹತ್ತಿಪ್ಪತ್ತು ಪಟ್ಟು ಮಂದ. ಹವೆಯ ಉಷ್ಣವು 24 ಡಿಗ್ರಿಗಿಂತ ಕೆಳಗಿಳಿದರೆ ಗಟ್ಟಿಯಾಗತೊಡಗುವುದು. ಧನುರ್ಮಾಸದ ಬೆಳಗಿನಲ್ಲಿ ಸೀಸೆಯಿಂದಲೇ ಹೊರಕ್ಕೆ ಬಾರದ ಎಣ್ಣೆಯು ಬೋಲ್ಟಿನ ಒಳಕ್ಕೆ ಹೋಗುವುದೆಂತು? ಹರಳೆಣ್ಣೆಯು ಸೀಮೆಎಣ್ಣೆಗಿಂತ ನೂರಾರು ಪಟ್ಟು ಮಂದ. ಗಾಡಿಯ ಅಚ್ಚಿಗೆ ಅದೊಂದು ಕಾಲಕ್ಕೆ ಶ್ರೇಷ್ಠವಾದ ಕೀಲೆಣ್ಣೆಯಾಗಿದ್ದುದು ಆ ಮಂದತನದಿಂದಲೇ, ಭಾರ ಬಿದ್ದರೂ ಹಿಂಡಿಹೋಗದೆ ನಿಲ್ಲುವುದರಿಂದಲೇ. ಅಗಸೆ ಎಣ್ಣೆಯನ್ನಂತೂ ಮುಟ್ಟಲೇಬಾರದು. ಅದು ಗಾಳಿಗೆ ಒಣಗಿ ಪೊರೆಗಟ್ಟುತ್ತದೆ. ಬಣ್ಣ ಬಳಿಯುವವರು ಅದನ್ನು ಬಳಸುವುದು ಆ ಗುಣಕ್ಕಾಗಿಯೇ. ಬಿಡಿಸಲು ಹೋಗಿ ಅಂಟಿಸಿದಂತಾದೀತು.

ಹಾಗಾದರೆ ಬಿಚ್ಚುವ ಕ್ರಮವೇನು? ಮೊದಲು ತಂತಿಬ್ರಷ್ಷಿನಿಂದ ಹೊರಗಿನ ಮಣ್ಣು, ಬಣ್ಣ, ಸಡಿಲವಾದ ತುಕ್ಕು ಎಲ್ಲವನ್ನೂ ಉಜ್ಜಿ ತೆಗೆಯಬೇಕು. ಹೊರಗೆ ಕಾಣುವ ಸುತ್ತುಗಳು ಹೊಲಸಾಗಿದ್ದರೆ ನಟ್ಟು ಸಡಿಲವಾದ ಮೇಲೂ ಅಲ್ಲಿಗೆ ಬಂದು ಮತ್ತೆ ಸಿಕ್ಕಿಕೊಳ್ಳುವುದು. ಆಮೇಲೆ ಎಣ್ಣೆ, ಒಂದೇ ಸಲಕ್ಕೆ ಸುರಿಯುವುದಲ್ಲ, ಸ್ವಲ್ಪ ಸ್ವಲ್ಪವಾಗಿ ಹಲವು ಸಲ. ಎಣ್ಣೆ ಹಾಕಿದ ಮೇಲೆ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ನೆಟ್ಟಗೆ, ಚಿಕ್ಕದಾಗಿ, ಅನೇಕ ಏಟುಗಳು. ಮೆಕ್ಯಾನಿಕನು ಬೋಲ್ಟಿನ ಮೇಲೆ ಕೋಪದಿಂದ ಬಡಿಯುತ್ತಿದ್ದಾನೆಂದು ನೋಡುವವರು ತಿಳಿಯಬಹುದು. ವಾಸ್ತವದಲ್ಲಿ ಅವನು ತುಕ್ಕಿನಲ್ಲಿ ಬಿರುಕು ಬಿಡಿಸುತ್ತಿದ್ದಾನೆ. ನಾನು ಹಿಂದೆ ಹೇಳಿದ ದಾರಿ ಮಾಡಿಕೊಡುವ ಕೆಲಸವೆಂದರೆ ಇದೇ. ಏಟಿಲ್ಲದೆ ಎಣ್ಣೆಗೆ ದಾರಿಯಿಲ್ಲ, ಎಣ್ಣೆಯಿಲ್ಲದೆ ಏಟಿನ ಫಲ ಅರ್ಧ. ಎರಕದ ಕಬ್ಬಿಣದ ಪಂಪಿನ ಮೈಗೆ ಮಾತ್ರ ಏಟು ಬೀಳಬಾರದು, ಅದು ಸೀಳುತ್ತದೆ.

ರಾತ್ರಿ ಕಳೆದ ಮೇಲೆ, ತಲೆಗೆ ಸರಿಯಾಗಿ ಕೂರುವ ಸ್ಪ್ಯಾನರನ್ನು ಹಾಕಬೇಕು; ಬಾಯಿ ತೆರೆದುದಕ್ಕಿಂತ ಸುತ್ತಲೂ ಹಿಡಿಯುವ ರಿಂಗ್ ಸ್ಪ್ಯಾನರು ಲೇಸು. ಮೂಲೆಗಳು ಒಮ್ಮೆ ಉರುಟಾದರೆ ಆಮೇಲೆ ಹಿಡಿತ ಸಿಕ್ಕದು. ಇಲ್ಲಿ ಹೊಸಬರಿಗೆ ವಿಚಿತ್ರವಾಗಿ ಕಾಣುವ ಒಂದು ಮರ್ಮವುಂಟು. ಮೊದಲು ಬಿಚ್ಚುವ ಕಡೆಗಲ್ಲ, ಬಿಗಿಯುವ ಕಡೆಗೆ ಒಂದಿಷ್ಟು ಒತ್ತಬೇಕು, ನವಿರಾಗಿ. ಬೆಣೆಯಾಗಿ ಕುಳಿತ ತುಕ್ಕು ಯಾವ ಕಡೆಗೆ ಕದಲಿದರೂ ಪುಡಿಯಾಗುತ್ತದೆ. ಕೂದಲೆಳೆಯಷ್ಟು ಕದಲಿತೆಂದರೆ ಅರ್ಧ ಗೆದ್ದಂತೆ. ಆಗ ಹಿಂದಕ್ಕೊಂದಿಷ್ಟು, ಮುಂದಕ್ಕೊಂದಿಷ್ಟು, ನಡುವೆ ಎಣ್ಣೆ. ಹೀಗೆ ಜಗ್ಗಿ ಬಿಟ್ಟು ಜಗ್ಗಿ ಬಿಟ್ಟು ತರಬೇಕು. ಕದಲಿದ ಸಂತೋಷದಲ್ಲಿ ಒಂದೇ ಸಮನೆ ತಿರುಗಿಸಿದರೆ ಪುಡಿಯಾದ ತುಕ್ಕು ಮುಂದಿನ ಸುತ್ತಿನಲ್ಲಿ ಒತ್ತಿ ಸೇರಿ ಮತ್ತೆ ಕಚ್ಚುವುದು. ಮೊದಲನೆಯ ಪಟ್ಟಿನಲ್ಲಿ ಉಳಿದ ಬೋಲ್ಟು ಈ ಎರಡನೆಯದರಲ್ಲಿ ಮುರಿಯುವುದುಂಟು.

ತಿರುಗಿಸುವ ಮುನ್ನ ಇದು ಎಡಸುತ್ತಿನದಲ್ಲವಷ್ಟೆ ಎಂದೂ ನೋಡಿಕೊಳ್ಳಬೇಕು. ಸೈಕಲ್ಲಿನ ಎಡಗಡೆಯ ಪೆಡಲು ಎಡಸುತ್ತಿನದು. ಅದನ್ನು ಬಿಚ್ಚುತ್ತಿದ್ದೇನೆಂದು ನಂಬಿ ಗಂಟೆಗಟ್ಟಲೆ ಬಿಗಿದವರುಂಟು.

ಇಷ್ಟಕ್ಕೂ ಬಾರದಿದ್ದರೆ ಬೆಂಕಿ. ನಟ್ಟನ್ನು ಮಾತ್ರ ಬೇಗ ಕಾಯಿಸಿದರೆ ಅದು ಹಿಗ್ಗುತ್ತದೆ, ಒಳಗಿನ ಬೋಲ್ಟು ಇನ್ನೂ ತಣ್ಣಗಿರುತ್ತದೆ. 16 ಮಿಲಿಮೀಟರಿನ ನಟ್ಟು ಬೋಲ್ಟಿಗಿಂತ 200 ಡಿಗ್ರಿ ಹೆಚ್ಚು ಬಿಸಿಯಾದರೆ ಅದರ ರಂಧ್ರವು ಒಂದು ಮಿಲಿಮೀಟರಿನ ನೂರನೆಯ ನಾಲ್ಕು ಪಾಲಿನಷ್ಟು ಅಗಲವಾಗುವುದು. ಅದು ಏನೂ ಅಲ್ಲವೆಂದು ತೋರಬಹುದು. ಆದರೆ ತುಕ್ಕು ಕಚ್ಚಿ ಹಿಡಿದಿರುವುದೂ ಅಷ್ಟೇ ಕಿರಿದಾದ ಜಾಗದಲ್ಲಿ. ಎಣ್ಣೆ ನೆನೆದ ಜಾಗಕ್ಕೆ ಮಾತ್ರ ಬೆಂಕಿ ಹಿಡಿಯಬಾರದು. ಸೀಮೆಎಣ್ಣೆಯ ಆವಿಯು 40 ಡಿಗ್ರಿಯ ಆಸುಪಾಸಿನಲ್ಲಿಯೇ ಕಿಡಿಗೆ ಹೊತ್ತುವಂಥದು. ಚೆನ್ನಾಗಿ ಒರೆಸಿ, ಒಣಗಿಸಿ, ಕಾಯಿಸಿ, ಆಮೇಲೆ ಪೂರ್ತಿ ತಣ್ಣಗಾದ ಬಳಿಕ ಪುನಃ ಎಣ್ಣೆ. ರಬ್ಬರಿನ ವಾಶರಿರುವಲ್ಲಿ, ಪೆಟ್ರೋಲಿನ ಟ್ಯಾಂಕಿನ ಬಳಿ ಬೆಂಕಿಯ ಮಾತೇ ಬೇಡ.

ಎಣ್ಣೆಗೆ ಬಗ್ಗದ ಕಚ್ಚುವಿಕೆಯೂ ಇದೆ. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕಿನ ಬೋಲ್ಟಿಗೆ ಅದೇ ಉಕ್ಕಿನ ನಟ್ಟನ್ನು ಒಣಗಾಗಿ ವೇಗದಿಂದ ತಿರುಗಿಸಿದರೆ ಎರಡರ ಮೈಯೂ ಕಿತ್ತು, ಒಂದರೊಳಗೊಂದು ಬೆಸೆದುಕೊಳ್ಳುವುದು. ಅಲ್ಲಿ ತುಕ್ಕೇ ಇಲ್ಲ. ಎಣ್ಣೆ ಏನನ್ನು ನೆನೆಸೀತು? ಕೊಯ್ದು ತೆಗೆಯಬೇಕು. ಬೇಡವೆಂದರೆ ಜೋಡಿಸುವಾಗಲೇ ಸುತ್ತುಗಳಿಗೆ ಜಾರುವ ಲೇಪವನ್ನು ಹಚ್ಚಬೇಕಾಗಿತ್ತು. ಸ್ಕೂಟರುಗಳ ಅಲ್ಯೂಮಿನಿಯಮ್ ಇಂಜಿನಿನಲ್ಲಿ ಉಕ್ಕಿನ ಬೋಲ್ಟು ಕಚ್ಚುವುದು ಇನ್ನೊಂದು ಜಾತಿ. ಎರಡು ಲೋಹಗಳ ನಡುವೆ ತೇವ ಸೇರಿ ಅಲ್ಯೂಮಿನಿಯಮ್ ಬಿಳಿಯ ಪುಡಿಯಾಗಿ ಉಬ್ಬುತ್ತದೆ.

ಜೋಡಿಸುವಾಗಲೇ ಲೇಪ ಹಚ್ಚಬೇಕೆಂಬ ಮಾತಿಗೆ ಅರಸೀಕೆರೆಯ ನಿಲ್ದಾಣಕ್ಕೇ ಮರಳಿ ಒಂದು ಉದಾಹರಣೆಯನ್ನು ಕೊಡಬಹುದು. ರೈಲುಹಳಿಗಳ ತುದಿಗಳನ್ನು ಎರಡು ಕಡೆಯೂ ಉಕ್ಕಿನ ಪಟ್ಟಿಯಿಟ್ಟು ಬೋಲ್ಟುಗಳಿಂದ ಜೋಡಿಸುವುದನ್ನು ಎಲ್ಲರೂ ನೋಡಿರುವರು. 13 ಮೀಟರು ಉದ್ದದ ಹಳಿಯು ಚಳಿಯ ಬೆಳಗಿಗೂ ಬೇಸಗೆಯ ಮಧ್ಯಾಹ್ನಕ್ಕೂ ನಡುವೆ 40 ಡಿಗ್ರಿಯ ವ್ಯತ್ಯಾಸವಾದರೆ ಸುಮಾರು 6 ಮಿಲಿಮೀಟರು ಉದ್ದವಾಗುತ್ತದೆ. ಆ ಪಟ್ಟಿಗಳ ನಡುವೆ ಹಳಿಯು ಜಾರುವಂತಿರಬೇಕು. ತುಕ್ಕು ಹಿಡಿದು ಸಂದು ಕಚ್ಚಿಕೊಂಡರೆ ಹಿಗ್ಗಿದ ಹಳಿಗೆ ಹೋಗಲು ಎಡೆಯಿಲ್ಲದೆ ಪಕ್ಕಕ್ಕೆ ಡೊಂಕಾದೀತು. ಆಗ ರೈಲಿನ ಗತಿ ಏನೆಂಬುದನ್ನು ಊಹಿಸಿಕೊಳ್ಳಬಹುದು. ಆದುದರಿಂದ ಭಾರತೀಯ ರೈಲ್ವೆಯ ನಿಯಮದಂತೆ ಇಂಥ ಸಂದುಗಳಿಗೆ ವರ್ಷಕ್ಕೊಮ್ಮೆ, ಅಕ್ಟೋಬರಿನಿಂದ ಫೆಬ್ರುವರಿಯೊಳಗೆ, ಬೋಲ್ಟು ಬಿಚ್ಚಿ ಪಟ್ಟಿ ತೆಗೆದು, ಉಜ್ಜಿ, ಲೇಪ ಹಚ್ಚಿ ಮತ್ತೆ ಕೂರಿಸಬೇಕು. ಲೇಪವಾವುದೆಂದರೆ 3 ಕಿಲೋಗ್ರಾಂ ಗ್ರಾಫೈಟಿಗೆ 2 ಕಿಲೋಗ್ರಾಂ ಸೀಮೆಎಣ್ಣೆ ಕಲಸಿದ ಗಟ್ಟಿ ಸರಿ. ಬೋಲ್ಟು ನಟ್ಟುಗಳಿಗೆ ಕಪ್ಪೆಣ್ಣೆ. ಸೀಮೆಎಣ್ಣೆಯು ಗ್ರಾಫೈಟನ್ನು ಸಂದುಸಂದಿಗೂ ಕೊಂಡೊಯ್ದು ತಾನು ಆರಿಹೋಗುತ್ತದೆ. ಬಿಸಿಲಿಗೂ ಆರದ ಗ್ರಾಫೈಟು ಅಲ್ಲಿ ಉಳಿಯುತ್ತದೆ. ಈಗ ಮುಖ್ಯಮಾರ್ಗಗಳಲ್ಲಿ ಹಳಿಗಳನ್ನು ಉದ್ದುದ್ದವಾಗಿ ಬೆಸೆದಿರುವುದರಿಂದ ಈ ಸಂದುಗಳು ಬಹಳ ಕಡಿಮೆಯಾಗಿವೆ. ಆದರೂ ಯಾರ್ಡುಗಳಲ್ಲಿಯೂ ಹಳಿ ಕವಲೊಡೆಯುವಲ್ಲಿಯೂ ಅವು ಉಳಿದಿವೆ. ವರ್ಷಕ್ಕೊಮ್ಮೆ ಬಿಚ್ಚಿದ ಬೋಲ್ಟು ಕಚ್ಚುವುದಿಲ್ಲ. ಅಲ್ಲಿ ಕೆಲಸಮಾಡುವ ಗ್ಯಾಂಗಿನವರಿಗೆ ಇದು ಗೊತ್ತು.

ತೋಟದ ಪಂಪಿಗೂ ಇದನ್ನೇ ಮಾಡಬಾರದೇಕೆ? ಮಳೆಗಾಲದಲ್ಲಿ ಪಂಪಿಗೆ ಬಿಡುವಿದ್ದಾಗ ಒಂದೊಂದೇ ಬೋಲ್ಟನ್ನು ತೆಗೆದು, ಗ್ರೀಸಿಗೆ ಸ್ವಲ್ಪ ಗ್ರಾಫೈಟು ಕಲಸಿ ಹಚ್ಚಿ ಮತ್ತೆ ಹಾಕಿದರೆ ಚೈತ್ರಮಾಸದಲ್ಲಿ ಪೈಪಿಗೆ ನೇತುಬೀಳುವ ಪ್ರಸಂಗ ಬಾರದು. ಹಳೇಬೀಡಿನ ಕಡೆಗೆ ಹೋಗುತ್ತ ಎಡಬಲಗಳಲ್ಲಿ ಕೆರೆಗಳನ್ನು ಕಾಣುತ್ತೇವೆ. ಹಳೇಬೀಡಿನ ಮಗ್ಗುಲಲ್ಲಿಯೇ ಹೊಯ್ಸಳರ ದೋರಸಮುದ್ರದ ಹೆಸರನ್ನು ಹೊತ್ತ ದೊಡ್ಡ ಕೆರೆಯಿದೆ. ನಮ್ಮ ಕೆರೆಗಳಲ್ಲಿ ಕಬ್ಬಿಣದ ಬಾಗಿಲನ್ನು ತಿರುಪಿನಿಂದ ಏರಿಸಿ ಇಳಿಸುವ ತೂಬುಗಳು ಎಷ್ಟೋ ಇವೆ. ಆ ತಿರುಪು ವರ್ಷದಲ್ಲಿ ಕೆಲವೇ ಸಲ ತಿರುಗುತ್ತದೆ. ಮಿಕ್ಕ ದಿನವೆಲ್ಲ ಮಳೆಗೂ ಬಿಸಿಲಿಗೂ ಮೈಯೊಡ್ಡಿ ನಿಂತಿರುತ್ತದೆ. ಬಿತ್ತನೆಯ ಹೊತ್ತಿಗೆ ಅದು ಕಚ್ಚಿಕೊಂಡರೆ ಒಬ್ಬನ ತೋಟವಲ್ಲ, ಇಡೀ ಅಚ್ಚುಕಟ್ಟು ಕಾಯಬೇಕು. ಹಲವರು ಸೇರಿ ಗಾಲಿಗೆ ಗಳು ಕಟ್ಟಿ ತಿರುಗಿಸಿ ತಿರುಪಿನ ಸರಳನ್ನೇ ಬಾಗಿಸಿಬಿಡುವುದುಂಟು. ಬಳಸದ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಅರ್ಧ ಸುತ್ತು ಹಿಂದಕ್ಕೆ ಮುಂದಕ್ಕೆ ತಿರುಗಿಸಿ ಗ್ರೀಸು ಹಚ್ಚುವ ಕೆಲಸವನ್ನು ನೀರುಗಂಟಿಗೆ ಒಪ್ಪಿಸಿದರೆ ಸಾಕು. ಇದಕ್ಕೆ ಇಂಜಿನಿಯರು ಬೇಕಾಗಿಲ್ಲ.

ಬೇಲೂರಿಗೆ ಬಂದಾಗ ಎಣ್ಣೆಯ ಡಬ್ಬಿಯನ್ನು ಚೀಲದಲ್ಲಿಯೇ ಇಟ್ಟಿರಬೇಕು. 1117ರಲ್ಲಿ ಪ್ರತಿಷ್ಠೆಗೊಂಡ ಚೆನ್ನಕೇಶವನ ದೇವಾಲಯದ ನವರಂಗದಲ್ಲಿ ನರಸಿಂಹಕಂಬವೆಂಬುದೊಂದಿದೆ. ಅದು ಹಿಂದೆ ನಿಂತಲ್ಲಿಯೇ ತಿರುಗುತ್ತಿದ್ದಿತೆಂದೂ ಈಗ ನಿಂತುಹೋಗಿದೆಯೆಂದೂ ನೋಡಹೋದವರಿಗೆಲ್ಲ ಹೇಳುವ ವಾಡಿಕೆ. ಕಚ್ಚಿಕೊಂಡುದನ್ನೆಲ್ಲ ಬಿಡಿಸುವ ಉತ್ಸಾಹ ಅದರ ಕಡೆಗೆ ಹರಿಯದಿರಲಿ. ಈ ದೇವಾಲಯಗಳ ಬಳಪದ ಕಲ್ಲಿಗೆ ಎಣ್ಣೆಯು ಹೊಕ್ಕಿತೆಂದರೆ ಕಲೆಯಾಗಿ ನಿಲ್ಲುತ್ತದೆ. ಎಣ್ಣೆಯ ಜಿಡ್ಡಿಗೆ ಧೂಳು ಹಿಡಿದು ಕೆತ್ತನೆಯ ನವಿರು ಮುಚ್ಚಿಹೋಗುತ್ತದೆ. ಬೋಲ್ಟಿಗೆ ಇಳಿಯಲೆಂದು ನಾವು ಹೊಗಳಿದ ಕೇಶಾಕರ್ಷಣವೇ ಇಲ್ಲಿ ಶತ್ರು.

ಕಲ್ಲಿಗೂ ಕಬ್ಬಿಣಕ್ಕೂ ಇರುವ ವೈರವು ಅಥೆನ್ಸಿನಲ್ಲಿ ಚೆನ್ನಾಗಿ ಗೊತ್ತಾಯಿತು. ಪಾರ್ಥೆನಾನ್ ದೇವಾಲಯವನ್ನು ಕಟ್ಟಿದ ಪ್ರಾಚೀನ ಗ್ರೀಕರು ಕಲ್ಲುಗಳನ್ನು ಕಬ್ಬಿಣದ ಪಟ್ಟಿಗಳಿಂದ ಬಂಧಿಸಿ, ಪಟ್ಟಿಗಳ ಸುತ್ತ ಸೀಸವನ್ನು ಕರಗಿಸಿ ಹೊಯ್ದಿದ್ದರು. ಗಾಳಿ ನೀರು ಸೇರದೆ ಅವು ಎರಡು ಸಾವಿರ ವರ್ಷಕ್ಕೂ ಮೇಲ್ಪಟ್ಟು ಬಾಳಿದವು. 1898ರಿಂದ 1933ರವರೆಗೆ ಬಲಾನೋಸ್ ಎಂಬ ಇಂಜಿನಿಯರನು ಜೀರ್ಣೋದ್ಧಾರ ಮಾಡುವಾಗ ಹೊಸ ಕಬ್ಬಿಣವನ್ನು ಸೀಸವಿಲ್ಲದೆ ಸೇರಿಸಿದನು. ಕೆಲವು ದಶಕಗಳಲ್ಲಿಯೇ ಅದು ತುಕ್ಕು ಹಿಡಿದು ಉಬ್ಬಿ ಅಮೃತಶಿಲೆಯನ್ನು ಒಳಗಿನಿಂದಲೇ ಸೀಳಿತು. 1975ರಿಂದ ಈಚೆಗೆ ಆ ಕಬ್ಬಿಣವನ್ನೆಲ್ಲ ತೆಗೆದು ತುಕ್ಕು ಹಿಡಿಯದ ಟೈಟೇನಿಯಮ್ಮನ್ನು ಹಾಕುತ್ತ ಬಂದಿದ್ದಾರೆ. ನಟ್ಟು ಬೋಲ್ಟುಗಳ ನಡುವೆ ನಮಗೆ ಅರ್ಧ ದಿನದ ಕಿರುಕುಳವಾಗುವ ಅದೇ ಉಬ್ಬುವಿಕೆ ಅಲ್ಲಿ ಕಲ್ಲನ್ನೇ ಒಡೆಯಿತು.

ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು 2023ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ನೋಡಲು ಬರುವವರು ಹೆಚ್ಚಿದಷ್ಟೂ ಫಲಕ, ಕಟಕಟೆ, ದೀಪದ ಕಂಬ ಎಂದು ಕಬ್ಬಿಣವೂ ಕಲ್ಲಿನ ಸಮೀಪಕ್ಕೆ ಬರುವ ಸಂಭವವುಂಟು. ಇಂಥವನ್ನು ಹಳೆಯ ಕಲ್ಲಿಗೆ ಕೊರೆದು ಕೂರಿಸದೆ ನೆಲದಲ್ಲಿ ಬೇರೆಯಾಗಿ ನಿಲ್ಲಿಸಬೇಕು. ಕಲ್ಲಿನ ಮೇಲೆ ನೀರು ಸೋರುವ ಕಡೆ ಸ್ಟೇನ್‌ಲೆಸ್ ಉಕ್ಕಿನದನ್ನೇ ಬಳಸಬೇಕು, ಅದರ ಸುತ್ತುಗಳಿಗೆ ಮೊದಲೇ ಲೇಪ ಹಚ್ಚಿರಬೇಕು. ಕಲ್ಲಿನ ಹತ್ತಿರದ ಹಳೆಯ ಕಟಕಟೆಯ ಬೋಲ್ಟು ಕಚ್ಚಿಕೊಂಡಿದ್ದರೆ ಅಲ್ಲಿ ಎಣ್ಣೆಯನ್ನು ಚಿಮುಕಿಸುವುದಾಗಲಿ ಬೆಂಕಿ ಹಿಡಿಯುವುದಾಗಲಿ ಸುತ್ತಿಗೆಯಿಂದ ಬಡಿಯುವುದಾಗಲಿ ಕೂಡದು. ಕೆಳಗೆ ದಪ್ಪ ಬಟ್ಟೆಯನ್ನು ಹಾಸಿ, ಉದುರುವ ಕಬ್ಬಿಣದ ಪುಡಿಯು ಕಲ್ಲಿನ ಸಂದಿಗೆ ಬಿದ್ದು ತುಕ್ಕಿನ ಕಲೆಯಾಗದಂತೆ ನೋಡಿಕೊಂಡು, ಸಣ್ಣ ಹಲ್ಲಿನ ಗರಗಸದಿಂದ ಬೋಲ್ಟನ್ನು ಕೈಯಲ್ಲಿಯೇ ಕೊಯ್ದು ತೆಗೆಯುವುದೇ ಸರಿ.